ಎದ್ದು ಬರುವುದಿಲ್ಲವೆಂಬ ಮುಚ್ಚಳಿಕೆ

ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸಿದ ನಾನು ಈವರೆಗೆ ಬರೆದ ಗದ್ಯದಲ್ಲಿ ಅತ್ಯುತ್ತಮವಾದದ್ದು ಯಾವುದು ಎಂದು ಯಾರೂ ಕೇಳಿಲ್ಲ. ಕೇಳುವ ಲಕ್ಷಣವೂ ಕಾಣುವುದಿಲ್ಲ. ಆದರೂ ಹೇಳಿಬಿಡುತ್ತೇನೆ, ಅದೊಂದು ಮುಚ್ಚಳಿಕೆ ಪತ್ರ. ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ತಮ್ಮ ಅಣ್ಣನಿಗೆ ಬರೆದುಕೊಟ್ಟದ್ದು. ಒಕ್ಕಣೆ ನನ್ನದು, ಸಹಿ ಅವರದು. ತಾನು ಸತ್ತ ಮೇಲೆ ಎದ್ದು ಮನೆಗೆ ನಡೆದುಕೊಂಡು ಬರುವುದಿಲ್ಲ ಎಂಬುದು ಅದರ ಸಾರಾಂಶ.

ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಅಣ್ಣನದ್ದು ಮಂಗಳೂರಿನಲ್ಲಿ ಹಳೆಯ ಹೋಟೆಲು. ಹೆಸರು ಹೇಳಿದರೆ ಜನ ಹೋಟೆಲು ಯಾವುದೆಂದು ಪತ್ತೆ ಹಚ್ಚುತ್ತಾರೆ, ಆಮೇಲೆ ಅಲ್ಲಿಯ ಚಹಾದ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಾರೆ. ನಾನು ಸುಳ್ಳು ಹೇಳುವವನಲ್ಲ. ಅಣ್ಣ ನನಗೆ ಬೇಕಾದವರು.

ಮೇಡಂ ಮತ್ತು ನಾನು ಸ್ಟಾಫ್‌ರೂಮಿನಲ್ಲಿ ಹತ್ತೊಂಬತ್ತು ವರ್ಷ ಎದುರುಬದುರು ಕುಳಿತವರು. ನಡುವೆ ಒಂದು ಮೇಜು, ಮೇಲೆ ಒಂದು ಫ್ಯಾನು, ಅದರ ಗಾಳಿಯೆಲ್ಲ ಅವರ ಕಡೆಗೆ. ಸಪೂರ ಮೈ, ದೊಡ್ಡ ಕನ್ನಡಕ, ಕೈಚೀಲದಲ್ಲಿ ಬಾಚಣಿಗೆಯ ಪಕ್ಕ ಒಂದು ಭೂತಗನ್ನಡಿ. ಬೆರಳಿಗೆ ಯಾವಾಗಲೂ ಸೀಮೆಸುಣ್ಣ ಮೆತ್ತಿರುತ್ತಿದ್ದರಿಂದ ಕನ್ನಡಕ ಜಾರಿದರೆ ಮುಂಗೈಯಿಂದ ಮೇಲೆ ತಳ್ಳುವುದು. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಬಂದವರೆಲ್ಲ ನನಗೆ ಅಡಿಗೆ ಬರ್ತದಾ ಅಂತ ಕೇಳಿದ್ರು. ಒಬ್ಬನಾದರೂ ಜಿಗಣೆಗೆ ಎಷ್ಟು ಮೆದುಳು ಅಂತ ಕೇಳ್ಲಿಲ್ಲ" ಎನ್ನುತ್ತಿದ್ದರು. ಎಷ್ಟು ಎಂದು ಕೇಳುವ ತಪ್ಪನ್ನು ನಾನೊಮ್ಮೆ ಮಾಡಿದೆ. ಆ ದಿನ ನನ್ನ ಊಟದ ಡಬ್ಬಿ ತೆರೆಯಲಿಲ್ಲ.

ಮಕ್ಕಳು ಅವರಿಗೆ ಇಟ್ಟ ಹೆಸರು ಜೊಂಬಿ ಮೇಡಂ. ಅದು ಹುಟ್ಟಿದ್ದು ಹೀಗೆ. ಒಂದು ಮಧ್ಯಾಹ್ನ ಸೆಕೆಯಲ್ಲಿ ಅರ್ಧ ಕ್ಲಾಸು ತೂಕಡಿಸುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಮೇಡಂ, ಸತ್ತವರು ಎದ್ದು ಬಂದು ಮನುಷ್ಯರನ್ನು ತಿನ್ನುದು, ಜೊಂಬಿ, ನಿಜವಾಗಿ ಆಗಬಹುದಾ?" ಕ್ಲಾಸು ಗೊಳ್ಳೆಂದು ನಕ್ಕಿತು. ನನ್ನ ಕ್ಲಾಸಿನಲ್ಲಾಗಿದ್ದರೆ ಅವನು ಮರುಕ್ಷಣ ವರಾಂಡದಲ್ಲಿರುತ್ತಿದ್ದ. ಮೇಡಂ ಸೀಮೆಸುಣ್ಣ ಕೆಳಗಿಟ್ಟು, ಮುಂಗೈಯಿಂದ ಕನ್ನಡಕ ತಳ್ಳಿ, "ಆಗಲಿ, ಆಗಬಹುದು ಅಂತಲೇ ಇಟ್ಕೊಳ್ಳುವ. ಆಗ್ಲಿಕ್ಕೆ ಎಂತೆಲ್ಲ ಬೇಕು, ಹೇಳಿ" ಎಂದರು.

ಮೂರು ವಾರ ನಡೆಯಿತು ಮಾರಾಯ್ರೇ, ಮೂರು ವಾರ. ನನ್ನ ಕ್ಲಾಸು ಗೋಡೆಯ ಈಚೆ. ನಾನಿಲ್ಲಿ ಹಳಗನ್ನಡದ ಪದ್ಯವೊಂದನ್ನು ಬೆವರು ಸುರಿಸಿ ಬಿಡಿಸುತ್ತಿದ್ದರೆ ಅಲ್ಲಿಂದ ಮೇಡಂ ಸ್ವರ ಕೇಳುತ್ತಿತ್ತು. "ತಿಂದಿತು ಅಂತ ಇಟ್ಕೊಳ್ಳುವ. ತಿಂದದ್ದು ಎಲ್ಲಿಗೆ ಹೋಗ್ತದೆ? ಜಠರದಲ್ಲಿ ಆಮ್ಲ ಇಲ್ಲ, ಕರುಳು ಅಲ್ಲಾಡುದಿಲ್ಲ. ಇಬ್ಬರು ಮನುಷ್ಯರನ್ನು ತಿಂದ ಮೇಲೆ ಮೂರನೆಯವನನ್ನು ಎಲ್ಲಿ ಇಟ್ಕೊಳ್ಳುದು, ಕಿಸೆಯಲ್ಲಾ?" ಆಚೆ ನಗು ಸಿಡಿಯುತ್ತಿತ್ತು. ಈಚೆ ನನ್ನ ಮಕ್ಕಳೆಲ್ಲ ಗೋಡೆಗೆ ಕಿವಿ ಕೊಟ್ಟು ಒಂದೇ ಕಡೆ ವಾಲಿರುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳಲು ಎಂತ ನಾಚಿಕೆ?

ಆ ಪಾಠಗಳಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಸತ್ತ ದೇಹ ಯಾಕೆ ಸೆಟೆದುಕೊಳ್ಳುತ್ತದೆ ಎಂದು ಹೇಳುತ್ತಿದ್ದರು. "ಸ್ನಾಯುವಿಗೆ ಹಿಡಿಯಲಿಕ್ಕೆ ಮಾತ್ರ ಶಕ್ತಿ ಬೇಕು ಅಂತ ತಿಳ್ಕೊಂಡಿದ್ದೀರಿ. ಬಿಡಲಿಕ್ಕೂ ಬೇಕು ಮಕ್ಕಳೇ. ಸತ್ತವನ ಹತ್ತಿರ ಬಿಡುವಷ್ಟೂ ಶಕ್ತಿ ಉಳಿದಿಲ್ಲ, ಹಾಗಾಗಿ ಗಟ್ಟಿಯಾಗಿ ಹಿಡ್ಕೊಂಡೇ ಇರ್ತಾನೆ. ಅಂಥವ ನಿಮ್ಮನ್ನು ಅಟ್ಟಿಸಿಕೊಂಡು ಬರುದುಂಟಾ? ಒಣ ಶಾರ್ಕ್ ಮೀನು ಎಲ್ಲಿಯಾದರೂ ಓಡಿದ್ದುಂಟಾ?"

ಜೊಂಬಿ ಹಡಗಿನಲ್ಲಿ ಬಂದು ಪಣಂಬೂರಿನಲ್ಲಿ ಇಳಿದರೆ ಏನು ಗತಿ ಎಂದು ಒಬ್ಬಳು ಕೇಳಿದಳಂತೆ. "ಇಳಿಯಲಿ. ಬಿಜೈ ಬಸ್‌ಸ್ಟ್ಯಾಂಡಿಗೆ ಮುಟ್ಟುದಿಲ್ಲ. ಈ ಸೆಕೆ, ಈ ನೊಣ, ಈ ಕಾಗೆ! ಎರಡನೇ ದಿನಕ್ಕೆ ಕೊಳೆತು ಕಾಲು ಒಂದು ಕಡೆ, ಮಂಡೆ ಒಂದು ಕಡೆ. ಇಲ್ಲಿ ಬದುಕಿದವರೇ ಅರ್ಧ ಕೊಳೆತಿದ್ದೇವೆ."

ಯಾರೋ ಪೋಷಕರು ದೂರು ಕೊಟ್ಟರು. ಪ್ರಿನ್ಸಿಪಾಲರು ಮೇಡಮ್ಮನ್ನು ಕರೆಸಿದರು. ಹಾಜರಿ ಪುಸ್ತಕದ ನೆಪ ಮಾಡಿ ನಾನೂ ಅಲ್ಲೇ ನಿಂತಿದ್ದೆ.

"ಎಂತ ಮೇಡಂ ಇದು? ಸಿಲೆಬಸ್‌ನಲ್ಲಿ ಜೊಂಬಿ ಉಂಟಾ?"

"ಸ್ನಾಯು ಉಂಟು ಸರ್. ಜೀರ್ಣಾಂಗ ಉಂಟು, ನರಮಂಡಲ ಉಂಟು. ಜೊಂಬಿ ಅಂದ್ರೆ ಅದನ್ನೆಲ್ಲ ಹೊತ್ತುಕೊಂಡು ಕ್ಲಾಸಿಗೆ ಬರುವ ಒಬ್ಬ ಅಟೆಂಡರ್, ಅಷ್ಟೆ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ನಿಮ್ಮ ಪೋರ್ಷನ್ ಎಲ್ಲಿಗೆ ಬಂತು ಎಂದು ಕೇಳಿದರು. ಆ ವರ್ಷ ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮ ಮಕ್ಕಳಲ್ಲೊಬ್ಬ ಸ್ನಾಯುಸಂಕೋಚನದ ಪ್ರಶ್ನೆಗೆ ಚಿತ್ರ ಸಮೇತ ಎರಡು ಪುಟ ಸರಿಯುತ್ತರ ಬರೆದು, ಕೊನೆಗೆ "ಆದ್ದರಿಂದ ಜೊಂಬಿಯು ನಡೆಯಲಾರದು" ಎಂದು ಅಡಿಗೆರೆ ಎಳೆದಿದ್ದನಂತೆ. ಮೌಲ್ಯಮಾಪಕರು ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆಂದು ಸುದ್ದಿ.

ಮೇಡಂ ಬರೀ 'ಆಗುವುದಿಲ್ಲ' ಎನ್ನುವ ಪೈಕಿ ಅಲ್ಲ. ಒಮ್ಮೆ ಮಕ್ಕಳನ್ನು ಘಟ್ಟದ ಕಾಡಿಗೆ ಕರೆದುಕೊಂಡು ಹೋದವರು ಬೆಂಕಿಪೆಟ್ಟಿಗೆಯಲ್ಲಿ ಒಂದು ಎಲೆಯ ತುಂಡು ತಂದು ನನ್ನ ಮೂಗಿನ ಕೆಳಗೆ ಹಿಡಿದರು. ಎಲೆಯ ನರವನ್ನು ಕಚ್ಚಿಕೊಂಡು ಸತ್ತ ಒಂದು ಇರುವೆ, ಅದರ ತಲೆಯಿಂದ ಹೊರಟ ಒಂದು ಸಣ್ಣ ಕಡ್ಡಿ. ಒಂದು ಜಾತಿಯ ಶಿಲೀಂಧ್ರ ಇರುವೆಯ ಒಳಹೊಕ್ಕು, ಅದನ್ನು ತನಗೆ ಬೇಕಾದ ಕಡೆ ನಡೆಸಿ, ಎಲೆ ಕಚ್ಚಿಸಿ, ಆಮೇಲೆ ಕೊಂದು ಅದರ ತಲೆಯಲ್ಲಿ ಮೊಳೆಯುತ್ತದಂತೆ. "ನೋಡಿ ಮಾಸ್ಟ್ರೇ, ಜೊಂಬಿ ಅಂದ್ರೆ ಇಷ್ಟೇ ಉಂಟು ಪ್ರಪಂಚದಲ್ಲಿ. ಆದರೆ ನಡೆಯುವಾಗ ಇರುವೆ ಜೀವಂತ. ಸತ್ತ ಮೇಲೆ ಒಂದು ಹೆಜ್ಜೆ ಇಲ್ಲ." ನಾನು ಬೆಂಕಿಪೆಟ್ಟಿಗೆಯನ್ನು ನನ್ನ ಚಹಾದಿಂದ ದೂರ ಸರಿಸಿದೆ.

ಮೀನು ಮಾರುಕಟ್ಟೆಯಲ್ಲೂ ಇದೇ ಕತೆ. ಬಂಗುಡೆ ಎಂದರೆ ಅವರಿಗೆ ಪ್ರಾಣ. ಆದರೆ ಕಿವಿರು ಎತ್ತಿ ನೋಡದೆ, ಕಣ್ಣು ಒಳಗೆ ಹೋಗಿದೆಯೋ ಎಂದು ಪರೀಕ್ಷಿಸದೆ, ಬೆನ್ನು ಒತ್ತದೆ ಒಂದು ಮೀನನ್ನೂ ಚೀಲಕ್ಕೆ ಹಾಕುತ್ತಿರಲಿಲ್ಲ. "ಎಂತ ಟೀಚರೇ, ದಿನಾ ಬಂದು ಪೋಸ್ಟ್‌ಮಾರ್ಟಮ್ ಮಾಡ್ತೀರಿ" ಎಂದು ಮೀನಿನ ಹೆಂಗಸು ಬೈದರೆ, "ಇದು ಸತ್ತು ಎರಡು ದಿನ ಆಯ್ತು ಮಾರಾಯ್ತಿ, ಇನ್ನು ಏಳುದಿಲ್ಲ" ಎಂದು ಮುಂದಿನ ಬುಟ್ಟಿಗೆ ಹೋಗುವುದು.

ನಿವೃತ್ತಿಗೆ ಕೆಲವೇ ತಿಂಗಳು ಇರುವಾಗ ಒಂದು ದಿನ ಮೇಡಂ ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು. ದೇಹದಾನದ್ದು. ವೈದ್ಯಕೀಯ ಕಾಲೇಜಿನ ಮಕ್ಕಳ ಪಾಠಕ್ಕೆ ತಮ್ಮ ದೇಹ ಕೊಡುವುದೆಂದು ನಿರ್ಧರಿಸಿದ್ದರು. ನನಗೆ ಸಾವಿನ ಮಾತೆಂದರೆ ಕೈಕಾಲು ತಣ್ಣಗಾಗುತ್ತದೆ. ಈಗ ಯಾಕೆ ಮೇಡಂ ಇದೆಲ್ಲ ಎಂದೆ.

"ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳಿಂದ ಎಷ್ಟು ಕಪ್ಪೆ ಕೊಯ್ಯಿಸಿದ್ದೇನೆ ಗೊತ್ತುಂಟಾ? ಆಮೇಲೆ ಅದು ನಿಂತಿತು, ಒಳ್ಳೆಯದಾಯ್ತು. ಆದರೆ ಅದರಲ್ಲಿ ಒಂದೂ ಕಪ್ಪೆ ಸಹಿ ಹಾಕಿ ಬಂದದ್ದಲ್ಲ. ನಾನಾದರೂ ಸಹಿ ಹಾಕಿ ಹೋಗ್ತೇನೆ." ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಇದೊಂದು ಆಗ್ಲೇಬೇಕು ಮಾಸ್ಟ್ರೇ. ಬೇರೆ ಎಂತದೂ ಆಸೆ ಇಲ್ಲ ನನಗೆ."

ತೊಂದರೆ ಇದ್ದದ್ದು ಅಣ್ಣನದು. ಹತ್ತಿರದ ಸಂಬಂಧಿ ಅವರೇ. ಅವರ ಒಪ್ಪಿಗೆಯ ಸಹಿ ಬೇಕು, ಸತ್ತ ಮೇಲೆ ದೇಹ ಒಪ್ಪಿಸಬೇಕಾದವರೂ ಅವರೇ. ಅವರು ಒಲ್ಲೆ ಎಂದು ಕೂತರೆ ಮೇಡಂ ಆಸೆ ಮುಗಿಯಿತು. ಅವರು ಒಲ್ಲೆ ಎಂದರು. ಮಧ್ಯಸ್ಥಿಕೆಗೆ ನನ್ನನ್ನು ಅಣ್ಣ ತಂಗಿ ಒಟ್ಟಿಗಿದ್ದ ಮಣ್ಣಗುಡ್ಡದ ಮನೆಗೆ ಎಳೆದುಕೊಂಡು ಹೋದರು ಮೇಡಂ.

ಅಣ್ಣ ಎಂದರೆ ಆರಡಿ ಆಳು, ಎರಡೂ ಕಡೆ ತಿರುವಿದ ಮೀಸೆ. ಹೋಟೆಲಿನಲ್ಲಿ ಕುಡಿದು ಗಲಾಟೆ ಮಾಡುವವರು ಆ ಮೀಸೆ ನೋಡಿಯೇ ಇಳಿದುಹೋಗುತ್ತಿದ್ದರು. ಆದರೆ ಕುಲೆ ಎಂದರೆ, ಅಂದರೆ ತೀರಿಹೋದವರ ಆತ್ಮ ಎಂದರೆ, ಈ ಮನುಷ್ಯನಿಗೆ ಜೀವ ಬಾಯಿಗೆ ಬರುತ್ತದೆ. ಮುಸ್ಸಂಜೆಯ ಮೇಲೆ ಬಾವಿಕಟ್ಟೆಯ ಕಡೆ ಒಬ್ಬರೇ ಹೋಗುವುದಿಲ್ಲ. ಅಣ್ಣ ತಂಗಿಯ ಜಗಳ ತುಳುವಿನಲ್ಲಿ ನಡೆಯಿತು. ನಾನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಖಾರ ಅರ್ಧ ಕಡಿಮೆ.

"ಸುಡದೆ ಬಿಟ್ರೆ ನೀನು ಎದ್ದು ಬರ್ತೀ. ನನಗೆ ಗೊತ್ತುಂಟು."

"ಅಣ್ಣ, ಎಷ್ಟು ಸಲ ಹೇಳುದು ನಿಮಗೆ? ಸತ್ತ ದೇಹ ನಡೆಯುದಿಲ್ಲ. ಎರಡು ದಿನದಲ್ಲಿ ಕೊಳೀತದೆ."

"ಕೊಳೀತದಾ? ನೀನೇ ಹೇಳಿದ್ದಲ್ವಾ, ಅಲ್ಲಿ ಮದ್ದು ಹಾಕಿ ಇಡ್ತಾರೆ, ವರ್ಷಗಟ್ಟಲೆ ಕೊಳೆಯುದಿಲ್ಲ ಅಂತ? ಕೊಳೆತರೆ ನಡೆಯುದಿಲ್ಲ ಅಂತ ನಿನ್ನ ಲೆಕ್ಕ. ಹಾಗಾದ್ರೆ ಕೊಳೆಯದಿದ್ರೆ?"

ವರ್ಷಗಟ್ಟಲೆ ಊಟದ ಹೊತ್ತಿನಲ್ಲಿ ತಂಗಿ ಹೇಳುತ್ತಿದ್ದ ಜೊಂಬಿ ಪಾಠವನ್ನು ಅಣ್ಣ ಒಂದು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದರು, ಕೇಳಿಸಿಕೊಂಡು ಉಲ್ಟಾ ಹಿಡಿದಿದ್ದರು. ಸಿಟ್ಟು ಬರಬೇಕಾದ ಜಾಗದಲ್ಲಿ ಮೇಡಂ ಮುಖ ಅರಳಿತು. "ಒಳ್ಳೇ ಪ್ರಶ್ನೆ ಅಣ್ಣ! ಆಗಲಿ, ನಡೆಯಬಹುದು ಅಂತಲೇ ಇಟ್ಕೊಳ್ಳುವ" ಎಂದು ಎದ್ದುಬಿಟ್ಟರು.

ಹತ್ತು ದಿನ ಓದಿದರು, ವೈದ್ಯಕೀಯ ಕಾಲೇಜಿಗೆ ಹೋಗಿ ವಿಚಾರಿಸಿ ಬಂದರು. ಮತ್ತೆ ಪಂಚಾಯಿತಿ ಕೂಡಿತು.

"ಅಣ್ಣ, ಹೋಟೆಲಿನಲ್ಲಿ ದಿನಕ್ಕೆ ಎಷ್ಟು ಮೊಟ್ಟೆ ಬೇಯಿಸ್ತೀರಿ?"

"ನೂರು, ನೂರೈವತ್ತು. ಯಾಕೆ?"

"ನಲ್ವತ್ತು ವರ್ಷದಲ್ಲಿ ಬೇಯಿಸಿದ ಒಂದು ಮೊಟ್ಟೆಯಿಂದಾದರೂ ಕೋಳಿಮರಿ ಬಂದದ್ದುಂಟಾ?"

ಅಣ್ಣ ಮೀಸೆ ನೀವುತ್ತಾ ಬಹಳ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದರು. "ಒಬ್ಬ ಗಿರಾಕಿ ಒಮ್ಮೆ ಹಾಗೆ ಹೇಳಿದ್ದ. ಆದರೆ ಅವ ದೊಡ್ಡ ಲೊಟ್ಟೆ, ಬಾಯಿ ಬಿಟ್ರೆ ಸುಳ್ಳು."

"ಆ ಮದ್ದು ಹಾಕಿದ್ರೆ ಮಾಂಸವೂ ಬೇಯಿಸಿದ ಮೊಟ್ಟೆ ಹಾಗೆ ಗಟ್ಟಿಯಾಗ್ತದೆ. ಕೊಳೆಯುದೂ ಇಲ್ಲ, ಅಲ್ಲಾಡುದೂ ಇಲ್ಲ. ನಾನು ಬೇಯಿಸಿದ ಮೊಟ್ಟೆ ಅಣ್ಣ. ನಿಮಗೆ ಬೇಯಿಸಿದ ಮೊಟ್ಟೆಯ ಹೆದರಿಕೆಯಾ?"

ಮೊಟ್ಟೆಯ ವಿಷಯದಲ್ಲಿ ಅಣ್ಣನಿಗೆ ಅನುಮಾನವಿರಲಿಲ್ಲ. ಆದರೂ ಪೂರ್ತಿ ಧೈರ್ಯ ಬಾರದೆ ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಇವಳು ಬಾಯಲ್ಲಿ ಹೇಳಿದ್ದು ಸಾಕಾಗುದಿಲ್ಲ. ಬರೆದು ಕೊಡಲಿ. ನೀವು ಕನ್ನಡದವರು, ಸಮ ಮಾಡಿ ಬರೀರಿ. ಸಾಕ್ಷಿಯೂ ಹಾಕಿ."

ಹಾಗೆ ಹುಟ್ಟಿತು ಆ ಗದ್ಯ. "ಈ ಮೂಲಕ ಸ್ವಸ್ಥಚಿತ್ತಳಾಗಿ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟ ಮುಚ್ಚಳಿಕೆ ಏನೆಂದರೆ, ನನ್ನ ಮರಣಾನಂತರ ಸದರಿ ನನ್ನ ದೇಹವು ಹಗಲಾಗಲಿ ಇರುಳಾಗಲಿ, ಕಾಲ್ನಡಿಗೆಯಲ್ಲಾಗಲಿ ಬಸ್ಸಿನಲ್ಲಾಗಲಿ ರಿಕ್ಷಾದಲ್ಲಾಗಲಿ, ಮಣ್ಣಗುಡ್ಡದ ಮನೆಗೆ ಬರತಕ್ಕದ್ದಲ್ಲ. ಒಂದು ವೇಳೆ ಬಂದರೂ ಮನೆಯವರನ್ನು ಕಚ್ಚತಕ್ಕದ್ದಲ್ಲ." ಎರಡನೆಯ ವಾಕ್ಯ ವಿಜ್ಞಾನಕ್ಕೆ ಅವಮಾನ, ತೆಗೆಯಿರಿ ಎಂದರು ಮೇಡಂ. ಅದು ಇರಲೇಬೇಕು ಎಂದರು ಅಣ್ಣ. ಅರ್ಧ ಗಂಟೆ ಹಗ್ಗಜಗ್ಗಾಟವಾಗಿ ವಾಕ್ಯ ಉಳಿಯಿತು.

ಆಮೇಲೆ ಅಣ್ಣ ಇನ್ನೊಂದು ಸೇರಿಸಲು ಹೇಳಿದರು: "ದೇಹ ಮಾತ್ರ ಅಲ್ಲ. 'ಯಾವ ರೂಪದಲ್ಲೂ ಬರುವುದಿಲ್ಲ' ಅಂತ ಬರೀರಿ."

ಮೇಡಂ ತಲೆ ಎತ್ತಿದರು. ನಮ್ಮ ಕಡೆ ಆಟಿ ತಿಂಗಳಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ಮನೆಯ ಸತ್ತವರನ್ನೆಲ್ಲ ಊಟಕ್ಕೆ ಕರೆಯುವ ಕ್ರಮವುಂಟು. ಒಳಕೋಣೆಯಲ್ಲಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿ ಹೊರಗೆ ಕಾಯುವುದು. "ಹಾಗಾದ್ರೆ ಆಟಿಯಲ್ಲಿ ನನಗೆ ಎಲೆ ಇಲ್ವಾ ಅಣ್ಣ?"

"ನೀನು ಹೇಗೂ ನಂಬುದಿಲ್ಲ ಅಲ್ವಾ?"

"ನಂಬುದಿಲ್ಲ." ಮೇಡಂ ಪೆನ್ನಿನ ಮುಚ್ಚಳ ತಿರುಗಿಸಿದರು. "ನಮ್ಮ ಕುಲೆಗೆ ಹಸಿವು ಉಂಟು, ದೇಹ ಇಲ್ಲ. ಜೊಂಬಿಗೆ ದೇಹ ಉಂಟು, ಜೀರ್ಣ ಆಗುದಿಲ್ಲ. ನಾನು ಎರಡೂ ಅಲ್ಲ. ಬರೀರಿ ಮಾಸ್ಟ್ರೇ. ಬಂಗುಡೆ ತಪ್ಪಿತಲ್ಲ ಅಂತ ಒಂದು ಸಣ್ಣ ಬೇಜಾರು, ಅಷ್ಟೆ." ಸಹಿ ಹಾಕಿದರು. ಅಣ್ಣ ಮುಚ್ಚಳಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ದೇಹದಾನದ ಅರ್ಜಿಗೆ ತಮ್ಮ ಸಹಿ ಹಾಕಿದರು.

ನಿವೃತ್ತಿಯಾದ ಎರಡನೆಯ ಬೇಸಿಗೆ. ಒಂದು ಬೆಳಿಗ್ಗೆ ಮೀನು ತಂದು, ಚೀಲ ಕೆಳಗಿಟ್ಟು, ಜಗಲಿಯಲ್ಲಿ ಕುಳಿತ ಮೇಡಂ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ನಾನು ಹೋದಾಗ ಮನೆ ತುಂಬ ನೆಂಟರು, ಎಲ್ಲರೂ ಅಣ್ಣನ ಮೇಲೆ ಮುಗಿಬಿದ್ದಿದ್ದರು. ಸುಡದೆ ಕಳಿಸುವುದೆಂದರೆ ಎಂತ, ಮಂಡೆ ಸಮ ಉಂಟಾ ನಿಮಗೆ, ಆಮೇಲೆ ಮನೆಗೆ ಕಾಟ ಆದರೆ ಯಾರು ಜವಾಬ್ದಾರಿ? ಬಾವಿಕಟ್ಟೆಗೆ ಹೆದರುವ ಮನುಷ್ಯ ಬಾಗಿಲಲ್ಲಿ ನೆಟ್ಟಗೆ ನಿಂತು, "ನಾನು ಸಹಿ ಹಾಕಿದ್ದೇನೆ" ಎಂದರು. ಮೂರು ಸಲ ಅದನ್ನೇ ಹೇಳಿದರು. ನೆಂಟರು ಬದಿಗೆ ಸರಿದರು.

ವ್ಯಾನು ಬಂತು. ಜೊತೆಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರರ ಕೈ ಹಿಡಿದು ಅಣ್ಣ, "ಮದ್ದು ಸರಿ ಹಾಕಿ ಆಯ್ತಾ? ಬೇಯಿಸಿದ ಮೊಟ್ಟೆ ಹಾಗೆ ಆಗ್ಬೇಕು" ಎಂದರು. ಡಾಕ್ಟರರು ಗಾಬರಿಯಾಗಿ ನನ್ನನ್ನು ನೋಡಿದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಮೂಗಿನಲ್ಲಿ ಏನೋ ಶಬ್ದವಾಯಿತು. ಮೇಡಂ ಇದ್ದಿದ್ದರೆ ಅದಕ್ಕೂ ಒಂದು ಕಾರಣ ಹೇಳುತ್ತಿದ್ದರು.

ಆಟಿಯಲ್ಲಿ ಅಣ್ಣನ ಫೋನು ಬಂತು. "ಮಾಸ್ಟ್ರೇ, ಆದಿತ್ಯವಾರ ಮಧ್ಯಾಹ್ನ ಊಟಕ್ಕೆ ಬನ್ನಿ. ಕನ್ನಡಕ ತನ್ನಿ, ಓದ್ಲಿಕ್ಕುಂಟು."

ಹೋದೆ. ಮಳೆ ಎಂದರೆ ಮಳೆ. ಅಣ್ಣ ಜೇಬಿನಿಂದ ಮುಚ್ಚಳಿಕೆ ತೆಗೆದು ನನ್ನ ಕೈಗೆ ಕೊಟ್ಟರು. ಮಡಿಕೆಗಳು ಸವೆದು ಬಟ್ಟೆಯ ಹಾಗಾಗಿದ್ದವು. ದೊಡ್ಡದಾಗಿ ಓದಿ ಎಂದರು. ಓದಿದೆ. "ಕಚ್ಚತಕ್ಕದ್ದಲ್ಲ" ಎಂಬಲ್ಲಿ ಇಬ್ಬರೂ ನಕ್ಕೆವು. "ಯಾವ ರೂಪದಲ್ಲೂ" ಎಂಬಲ್ಲಿ ನಾನು ನಿಲ್ಲಿಸಿದೆ.

ಅಣ್ಣ ಕಾಗದ ವಾಪಸು ತೆಗೆದುಕೊಂಡರು. "ನೀವು ಸಾಕ್ಷಿ. ನಿಮ್ಮ ಎದುರೇ ಆಗ್ಬೇಕು ಅಂತ ಕರೆದದ್ದು" ಎಂದು ಅದನ್ನು ಎರಡು ತುಂಡು ಮಾಡಿದರು, ನಾಲ್ಕು ಮಾಡಿದರು, ಎಂಟು ಮಾಡಿದರು. "ಬರಲಿ ಮಾಸ್ಟ್ರೇ. ಹೇಗೆ ಬೇಕಾದರೂ ಬರಲಿ. ನನಗೆ ಹೆದರಿಕೆ ಇಲ್ಲ."

ಒಳಕೋಣೆಯಲ್ಲಿ ಎಲೆ ಹಾಕಿದ್ದರು. ಅಣ್ಣನೇ ಮಾರುಕಟ್ಟೆಗೆ ಹೋಗಿ ಕಿವಿರು ಎತ್ತಿ ನೋಡಿ ತಂದ ಬಂಗುಡೆ, ಮಸಾಲೆ ಹಚ್ಚಿ ಕಾಯಿಸಿದ್ದು, ಎಲೆಯ ನಡುವೆ ಒಂದೇ ಒಂದು. ಬಾಗಿಲು ಹಾಕಿ ಹೊರಗೆ ಕುಳಿತೆವು. ಸತ್ತವರೆಂದರೆ ಕೈಕಾಲು ತಣ್ಣಗಾಗುವ ನಾನು ಒಳಗಿನಿಂದ ಒಂದು ಸದ್ದು ಕೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಮಳೆಯ ಸದ್ದು ಬಿಟ್ಟು ಬೇರೇನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಎದ್ದು, ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿ ತೆರೆದರು.

ಬಂಗುಡೆ ಇಟ್ಟ ಹಾಗೇ ಇತ್ತು.

"ನೋಡಿದಿರಾ? ಹರಿದು ಹಾಕಿದರೂ ಬರ್ಲಿಲ್ಲ" ಎಂದರು ಅಣ್ಣ. "ಒಮ್ಮೆ ಸಹಿ ಹಾಕಿದ್ರೆ ಮುಗೀತು ಅವಳದ್ದು." ಮೀಸೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಆ ಎಲೆಯದ್ದನ್ನು ಮನೆಯವರೇ ತಿನ್ನಬೇಕೆಂಬುದು ಅವರ ಮನೆಯ ಕ್ರಮ. ನಾನು ಹೊರಗೆ ಚಾವಡಿಯಲ್ಲಿ ಬೇರೆ ಎಲೆಗೆ ಕುಳಿತಿದ್ದೆ. ಅಣ್ಣ ಬಂದು ನನ್ನ ಪಕ್ಕದಲ್ಲಿ ಕುಳಿತರು, ಬಂಗುಡೆಯನ್ನು ಬೆನ್ನೆಲುಬಿನ ಉದ್ದಕ್ಕೆ ಎರಡು ಮಾಡಿದರು, ಅರ್ಧವನ್ನು ನನ್ನ ಎಲೆಗೆ ಹಾಕಿದರು.

"ತಿನ್ನಿ ಮಾಸ್ಟ್ರೇ" ಎಂದರು. "ತಾಜಾ ಉಂಟು."